ಮುಂಡಪ್ಪ ಮಾವ ಕೆತ್ತಿಸಿದ ವಂಶದ ಕಲ್ಲು

"ಅಮ್ಮ, ಮುಂಡಪ್ಪಜ್ಜ ಸತ್ತವರ ಹತ್ತಿರ ಮಾತ್ರ ಮಾತಾಡುವುದಾ?"

ಸಾತ್ವಿಕಾಳ ತಲೆ ಬಾಚುತ್ತಿದ್ದ ನನ್ನ ಕೈ ನಿಂತಿತು. ಏಳು ವರ್ಷದವಳು ನೋಡಿದ್ದು ಸರಿಯೇ. ಬಂಟ್ವಾಳದ ಈ ಕುಟುಂಬದ ಮನೆಗೆ ಮಾವ ಮೂರು ಸಲ ಬಂದಿದ್ದರು. ಮೂರು ಸಲವೂ ಜಗಲಿಯಲ್ಲಿ ಕೂತ ನನ್ನ ಅಜ್ಜಿ ಸರಸಕ್ಕನನ್ನು, ಅಂದರೆ ಅವರ ಸ್ವಂತ ದೊಡ್ಡಮ್ಮನನ್ನು, ದಾಟಿಕೊಂಡು ಹಿತ್ತಿಲಿಗೆ ಹೋಗಿ, ಹಿರಿಯರನ್ನು ಸುಟ್ಟಲ್ಲಿ ಕಟ್ಟಿದ ದೂಪೆಗಳ ಫೋಟೋ ತೆಗೆದು ಹೊರಟರು.

ಮಾವ ಮೂಡುಬಿದಿರೆಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮಾಸ್ಟ್ರು. ಎದುರಿದ್ದವರು ಸಾಲಾಗಿ, ಬಾಯಿ ಮುಚ್ಚಿ ನಿಲ್ಲಬೇಕು. ನಿವೃತ್ತಿಯಾದ ಮೇಲೆ ಹಾಗೆ ನಿಲ್ಲುವವರು ಸತ್ತವರು ಮಾತ್ರ. ತಾಲೂಕು ಕಚೇರಿಯಿಂದ ಹಳೆಯ ಜಮೀನು ಪಟ್ಟೆಯ ನಕಲು ತಂದು ವಂಶಾವಳಿ ಮಾಡಿದರು. ಅದನ್ನು ಕಲ್ಲಿಗೆ ಕೆತ್ತಿಸಿ ಈ ಮನೆಯ ಅಂಗಳದಲ್ಲಿ ನಿಲ್ಲಿಸುವುದು, ಆ ದಿನ ಕುಟುಂಬದವರಿಂದ ಶಾಲು ಹೊದೆಸಿಕೊಳ್ಳುವುದು ಅವರ ಆಸೆ. ಶಾಲೆಯವರು ಬೀಳ್ಕೊಡುವಾಗ ಶಾಲು ಹಾಕಿರಲಿಲ್ಲವಂತೆ, ಹತ್ತು ಸಲ ಹೇಳಿದ್ದಾರೆ.

ಮರುದಿನ ನಾಲ್ಕನೇ ಸಲ ಬಂದರು, ಆದಿತ್ಯವಾರ ಕಲ್ಲು ನಿಲ್ಲಿಸುವ ಆಮಂತ್ರಣ ಪತ್ರಿಕೆ ಹಿಡಿದು. ಹಿಂದಿನ ಪುಟದಲ್ಲೇ ವಂಶಾವಳಿ. ಸಾತ್ವಿಕಾ ಅಕ್ಷರ ಕೂಡಿಸಿ ಓದಿದಳು: "ಕೋಚಣ್ಣ, ಹೆಂಡತಿ ದೂಮಕ್ಕ, ಮಗ ಮಂಜಪ್ಪ."

ಅಜ್ಜಿ ಎಲೆ ಜಗಿಯುವುದನ್ನು ನಿಲ್ಲಿಸಿದರು. "ನನ್ನ ಅಜ್ಜಿಯನ್ನು ಅವಳ ಒಡಹುಟ್ಟಿದ ಅಣ್ಣನಿಗೇ ಮದುವೆ ಮಾಡಿಸಿದೆಯಾ ಮುಂಡಪ್ಪ? ಊಟಕ್ಕಾದರೂ ಕರೆಯಬಹುದಿತ್ತು ಮಾರಾಯ."

ನಮ್ಮಲ್ಲಿ ಹಿಂದೆ ಅಳಿಯಸಂತಾನ, ಜಾಗ ಸೋದರಮಾವನಿಂದ ತಂಗಿಯ ಮಗನಿಗೆ ಹೋಗುತ್ತಿತ್ತು. ಮುಂಡಪ್ಪ ಮಾವ ಪಟ್ಟೆಯಲ್ಲಿ ಒಂದರ ಕೆಳಗೊಂದು ಗಂಡಸರ ಹೆಸರು ಕಂಡು ಅಪ್ಪ-ಮಗ ಅಂದುಕೊಂಡರು, ಎರಡು ದೂಪೆ ಪಕ್ಕಪಕ್ಕ ಕಂಡು ಗಂಡ-ಹೆಂಡತಿ ಮಾಡಿದರು. ಈ ಮನೆಯಲ್ಲೇ ಹುಟ್ಟಿದ ಮನುಷ್ಯ! ಜಗಲಿಯಲ್ಲಿ ಎರಡು ನಿಮಿಷ ಕೂತಿದ್ದರೆ ಸಾಕಿತ್ತು.

"ದಾಖಲೆ ಹಾಗೇ ಉಂಟು," ಅಂದರು ಮಾವ. "ಹೆಂಗಸರ ಬಾಯಿಮಾತು ದಾಖಲೆ ಆಗುವುದಿಲ್ಲ."

"ನಿನ್ನ ಅಮ್ಮನಿಗೆ ಟೈಫಾಯ್ಡ್ ಬಂದಾಗ ನಿನಗೆ ಮೂರು ತಿಂಗಳು ಹಾಲು ಕುಡಿಸಿದ್ದು ನಾನು. ಅದು ಯಾವ ದಾಖಲೆಯಲ್ಲಿ ಉಂಟು?"

ಮಾವ ಚಹಾ ಪೂರ್ತಿ ಕುಡಿದರು, ಚಕ್ಕುಲಿಯನ್ನೂ ಬಿಡಲಿಲ್ಲ. ಹೊರಡುವಾಗ ನನ್ನನ್ನು ಗೇಟಿನ ಹತ್ತಿರ ಕರೆದರು. ತಪ್ಪು ತಿದ್ದುವ ದಾರಿ ಕೇಳುತ್ತಾರೆ ಅಂದುಕೊಂಡೆ, ನಾನೂ ಒಬ್ಬಳು ಪೆದ್ದಿ.

"ಕಲ್ಲು ಕೆತ್ತಿ ಆಗಿದೆ, ಮಗಳೇ. ಇನ್ನು ಎಂತ ಮಾಡುವುದು? ನನಗೆ ಒಂದು ಉಪಕಾರ ಮಾಡು. ಆದಿತ್ಯವಾರ ಒಂದು ದಿನ ದೊಡ್ಡಮ್ಮನನ್ನು ಬೆಳ್ತಂಗಡಿಗೆ, ನಿನ್ನ ಗಂಡನ ಮನೆಗೆ ಕರಕೊಂಡು ಹೋಗು."