ಓರ್ಫಾಳ ಸಾಬೂನು ಪರೀಕ್ಷೆ

ಮಿನೆಸೋಟಾದ ನಮ್ಮ ಊರಿನಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿ, ಮೇಲೆ ಅಂಗಿ ಮುಚ್ಚಿಕೊಂಡು ಓಡಾಡಬೇಕಾದರೆ ಶೆರಿಫ್ ಕಚೇರಿಯ ಪರವಾನಗಿ ಬೇಕು. ಅದಕ್ಕೂ ಮೊದಲು ತರಬೇತಿ ಆಗಿದೆಯೆಂಬ ಕಾಗದ ಬೇಕು. ಪಕ್ಕದೂರಿನಲ್ಲಿ ಅದು ಒಂದೇ ದಿನದಲ್ಲಿ ಸಿಗುತ್ತದೆ. ನಮ್ಮೂರಿನಲ್ಲಿ ಕೊಡುವವಳು ಓರ್ಫಾ ಸ್ಟೆನ್ಸ್‌ರುಡ್. ಅವಳ ಸಹಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು.

ಓರ್ಫಾ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಕಾನೂನಿಗೆ ಬೇಕಾದ ಪಾಠ, ಗುಂಡು ಹೊಡೆಯುವ ಅಭ್ಯಾಸ ಎಲ್ಲ ಮುಗಿದ ಮೇಲೆ ಅವಳದೇ ಒಂದು ಪರೀಕ್ಷೆ ಇರುತ್ತದೆ. ಬಟ್ಟೆ ಒಗೆಯುವ ಒಂದು ದಪ್ಪ ಸಾಬೂನು ಕೊಡುತ್ತಾಳೆ. ಎಂಟು ದಿನ ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗಬೇಕು, ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಕೂಡದು.

"ಸೋಪು ಬಚ್ಚಿಡೋಕೆ ಬಾರದೋರ ಕೈಗೆ ಪಿಸ್ತೂಲು ಯಾಕೆ?" ಎನ್ನುತ್ತಾಳೆ. ನಾನೂ ಎರಡು ಸಲ ಫೇಲಾದವಳು, ಆ ಸಂಕಟ ಯಾರಿಗೂ ಬೇಡ.

ವೆಂಡೆಲ್ ನಾಲ್ಕು ಸಲ ಫೇಲಾದ. ಅವನದು ಕಟಿಂಗ್ ಶಾಪು, ಬಾಯಿ ಬೊಂಬಾಯಿ. ಮೊದಲ ಸಲ, ಬಂದ ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟುವ ಮೊದಲೇ ಹೇಳಿಬಿಟ್ಟ. ಎರಡನೆಯ ಸಲ ಪಾದ್ರಿಗೇ ತೋರಿಸಿದ. ಮೂರನೆಯ ಸಲ ಟವೆಲ್ಲಿನಲ್ಲಿ ಬಚ್ಚಿಟ್ಟುಕೊಂಡು ಸೌನಾ ಎಂಬ ಹಬೆಕೋಣೆಗೆ ಹೋಗಿ ಬೆವರುತ್ತ ಕೂತ. ನೊರೆ ಬೆಂಚು ದಾಟಿ ಪಕ್ಕದವರ ಕಾಲಿಗೆ ಬಂತು. ನಾಲ್ಕನೆಯ ಸಲ ಸಾಬೂನನ್ನು ನಾಯಿ ಕಚ್ಚಿಕೊಂಡು ಓಡಿತು.

"ಪಕ್ಕದೂರಿಗೆ ಹೋಗೋ ಮಾರಾಯ," ಎಂದೆ, ಅವನ ಕುರ್ಚಿಯಲ್ಲಿ ಕೂದಲು ಕತ್ತರಿಸಿಕೊಳ್ಳುತ್ತ.

"ಆ ಕಾಗದ ಯಾರಿಗೆ ಬೇಕು, ಬರ್ನೀಸ್? ನನ್ನ ಮಗಳು ಬಸುರಿ ಅಂತ ಇಡೀ ಊರಿಗೆ ಗೊತ್ತಿತ್ತು, ನಂಗೆ ಕೊನೇಲಿ ಹೇಳಿದ್ಲು. ಓರ್ಫಾ ಸಹಿ ಹಾಕಿದ್ರೆ, ಈ ವೆಂಡೆಲ್‌ನ ನಂಬಬಹುದು ಅಂತ ಅರ್ಥ. ನಂಗೆ ಅದು ಬೇಕು."

ಕತ್ತರಿ ಹಿಡಿದ ಕೈ ನಿಂತೇ ಹೋಗಿತ್ತು.

ಐದನೆಯ ಸಾಬೂನು ತೆಗೆದುಕೊಂಡ. ಎಂಟು ದಿನ ಊರಲ್ಲಿ ಪಿಟ್ಟೆನ್ನುವ ಸುದ್ದಿಯಿಲ್ಲ. ನಾವೆಲ್ಲ ಅವನಿಗೆ ಜ್ವರ ಬಂದಿರಬೇಕು ಅಂದುಕೊಂಡೆವು. ಒಂಬತ್ತನೆಯ ದಿನ ತರಗತಿಯಲ್ಲಿ ಓರ್ಫಾ ಸುಮ್ಮನೆ ಅವನ ಕಾಗದಕ್ಕೆ ಸಹಿ ಹಾಕಿದಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ಇವನಿಗೆ ಸೋಪು ಕೊಟ್ಟ ದಿನ ರಾತ್ರಿ, ಎಲ್ಲರೂ ಮನೆಯಿಂದ ಅಡುಗೆ ತರೋ ಚರ್ಚಿನ ಊಟಕ್ಕೆ ಹೊಸ ಫ್ರಾಕ್ ಹಾಕಿದ್ದೆ. ಸೊಂಟದಲ್ಲಿ ಉಬ್ಬು ಕಾಣುತ್ತೆ ಅಂತ ಪಿಸ್ತೂಲನ್ನ ಕೈಚೀಲದಲ್ಲಿಟ್ಟು ಕೋಟಿನ ಗೂಟಕ್ಕೆ ನೇತುಹಾಕ್ದೆ. ಊಟ ಆದ್ಮೇಲೆ, ತಳಕ್ಕೆ ಹೆಸರು ಅಂಟಿಸಿದ ನನ್ನ ಆಲೂಗಡ್ಡೆ ಪಾತ್ರೇನ ಜೋಪಾನವಾಗಿ ತಬ್ಕೊಂಡು ಮನೆಗೆ ಹೋದೆ. ಚೀಲ ಅಲ್ಲೇ ಬಿಟ್ಟೆ."

ಓರ್ಫಾ ಪೆನ್ನಿನ ಮುಚ್ಚಳ ಹಾಕಿ ಮುಂದುವರಿಸಿದಳು.

"ನೆನಪಾಗಿ ವಾಪಸ್ ಓಡಿ ಬಂದ್ರೆ, ಕೋಟುಗಳ ಸಂದೀಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡ್ತಿದ್ವು. ಚೀಲ ತಂದುಕೊಡೋಣ ಅಂತ ಎತ್ತಿದ ವೆಂಡೆಲ್‌ಗೆ ಭಾರದಲ್ಲೇ ಗೊತ್ತಾಗಿತ್ತಂತೆ. ಅದನ್ನ ಮಡಿಲಲ್ಲಿ ಅವುಚ್ಕೊಂಡು ಒಂದು ಗಂಟೆ ಅಲ್ಲೇ ಕೂತಿದ್ದ. ಊಟದ ಕೊನೇಲಿ ಕೊಡೋ ಸಿಹಿ ಪೈ ಕೂಡ ತಿಂದಿರ್ಲಿಲ್ಲ."

ಓರ್ಫಾ ತನ್ನ ಪರವಾನಗಿಯನ್ನು ಮೇಜಿನ ಡ್ರಾಯರಿಗೆ ಹಾಕಿ, ವೆಂಡೆಲ್‌ನ ಕೈಯಿಂದ ಸಾಬೂನು ತೆಗೆದು ಸೊಂಟಕ್ಕೆ ಸಿಕ್ಕಿಸಿ, ನಮ್ಮ ಬೆಂಚಿಗೆ ಬಂದು ಕೂತಳು.

ವೆಂಡೆಲ್‌ಗೆ ಸಿಟ್ಟು ಬಂತು. "ನೀನ್ಯಾಕೆ ಹೇಳ್ದೆ ಮಾರಾಯ್ತಿ? ಎಂಟು ದಿನ ಬಾಯಿ ಬಿಡದೆ ಹೊಟ್ಟೆ ಉಬ್ಬರಿಸ್ಕೊಂಡು ಸಾಯ್ತಿದ್ದೆ ನಾನು."

ನಕ್ಕು ನಕ್ಕು ಓರ್ಫಾಳ ಸೊಂಟದಿಂದ ಸಾಬೂನು ಜಾರಿ ಬಿತ್ತು. ಐದು ನಿಮಿಷದಲ್ಲಿ ಫೇಲು.

ಮರುವರ್ಷ ವೆಂಡೆಲ್‌ನ ಮಗಳು ಮತ್ತೆ ಬಸುರಿಯಾದಳು. ನಮಗೆ ಗೊತ್ತಾದದ್ದು ನಾಲ್ಕು ತಿಂಗಳು ತುಂಬಿದ ಮೇಲೆ. ಅವಳು ಅಪ್ಪನಿಗೆ ಮೊದಲ ದಿನವೇ ಹೇಳಿದ್ದಳಂತೆ. ಅಷ್ಟರಲ್ಲಿ ನಾನು ಅವನ ಹತ್ತಿರ ಮೂರು ಸಲ ಕೂದಲು ಕತ್ತರಿಸಿಕೊಂಡಿದ್ದೆ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಕಳ್ಳ.