ಗ್ರಂಥಋಣದಲ್ಲಿ ಅಪ್ಪಂದಿರು

ನನಗೊಂದು ಕೆಟ್ಟ ಚಾಳಿಯಿದೆ. ಯಾವ ಪುಸ್ತಕ ಕೈಗೆ ಸಿಕ್ಕರೂ ಹಿಂದಿನಿಂದ ತೆರೆಯುತ್ತೇನೆ. ಮುನ್ನುಡಿಯಲ್ಲಿ ಎಲ್ಲರೂ ವಿನಯವಂತರೇ. ಯಾರನ್ನು ಓದಿದ್ದಾರೆ, ಯಾರನ್ನು ಬೇಕೆಂದೇ ಬಿಟ್ಟಿದ್ದಾರೆ ಎನ್ನುವುದು ಗೊತ್ತಾಗುವುದು ಕೊನೆಯ ಗ್ರಂಥಋಣದಲ್ಲಿ. ಎಂಬತ್ತರ ದಶಕದಲ್ಲಿ ವಿಜಯನಗರದ ಬಾಡಿಗೆ ಮನೆಯಲ್ಲಿ ಕೂತು, ರಾಗಿ ಬೀಸುವ ಪದಗಳ ಮೇಲೆ ನಾನು ಪಿಎಚ್.ಡಿ. ಬರೆದಾಗ ಆ ಋಣವೇ ಕುತ್ತಿಗೆಗೆ ಬಂತು.

ನನ್ನ ಗೈಡು ಆಗಷ್ಟೇ ವಿದೇಶದಿಂದ ಗ್ರಂಥಋಣ ಬರೆಯುವ ನಿಯಮಗಳ ಪುಸ್ತಕವೊಂದನ್ನು ತಂದಿದ್ದರು. ಅದರ ಪ್ರಕಾರ ಮನೆತನದ ಹೆಸರು ಮೊದಲು, ಪೂರ್ತಿಯಾಗಿ. ಸ್ವಂತ ಹೆಸರು ಆಮೇಲೆ, ಒಂದಕ್ಷರದಲ್ಲಿ. ನಮ್ಮ ಕಡೆಯವರಿಗೆ ಮನೆತನದ ಹೆಸರು ಎಲ್ಲಿಂದ ತರೋಣ? ಊರನ್ನೂ ಅಪ್ಪನನ್ನೂ ಎರಡು ಇನಿಷಿಯಲ್ಲಿಗೆ ಇಳಿಸಿ, ಆಮೇಲೆ ಆರಾಮವಾಗಿ ನಮ್ಮ ಹೆಸರು ಹೇಳಿಕೊಳ್ಳುವ ಜನ ನಾವು.

"ಹಾಗಾದ್ರೆ ಅಪ್ಪನ ಹೆಸರೇ ಹಾಕಮ್ಮ," ಎಂದರು ಗೈಡು. ಮೂಡಲಪಾಳ್ಯದ ಗಂಗಯ್ಯನ ಮಗಳು ಎಂ. ಜಿ. ಸುಮಿತ್ರ ಆಗಿದ್ದ ನಾನು ನನ್ನದೇ ಲೇಖನದ ಮುಂದೆ ‘ಗಂಗಯ್ಯ, ಸು.’ ಆದೆ. ಉಳಿದವರ ಇನಿಷಿಯಲ್ ಬಿಡಿಸಲು ಮನೆಮನೆ ಅಲೆದೆ. ರಾಜಾಜಿನಗರದ ಹಿರಿಯ ವಿದ್ವಾಂಸರೊಬ್ಬರ ಬಾಗಿಲಲ್ಲಿ ನಿಂತು ಅವರ ತಂದೆಯ ಹೆಸರು ಕೇಳಿದರೆ, "ಯಾಕಮ್ಮ, ಸಂಬಂಧ ಏನಾದ್ರೂ ನೋಡ್ತಿದೀರಾ? ನನಗೆ ಎಪ್ಪತ್ತಾಯ್ತು!" ಎಂದು ನಕ್ಕರು.

ನಾನೂ ನಕ್ಕೆ. ನಗು ನಿಂತಿದ್ದು ಹಾಡುಗಾರ್ತಿಯರ ಪಟ್ಟಿ ಬರೆಯುವಾಗ. ಮದುವೆಯಾದ ಅವರಿಗೆಲ್ಲ ನಿಯಮದಂತೆ ಅಪ್ಪನ ಬದಲು ಗಂಡನ ಹೆಸರು ಮುಂದೆ ಬರಬೇಕಿತ್ತು. ನನಗೆ ಮೊದಲ ಪದ ಹೇಳಿಕೊಟ್ಟ, ಸಣ್ಣಮ್ಮ ಎಂಬ ಹೆಸರಿನ ಅವ್ವ ಅಲ್ಲಿ ‘ಗಂಗಯ್ಯ, ಸ.’ ಆಗಿದ್ದಳು. ಮೈ ಉರಿದುಹೋಯಿತು. ಬೆಳಗಿನ ಜಾವ ಎದ್ದು ಬೀಸಿದವಳು ಅವ್ವ, ಹಾಡಿದವಳು ಅವ್ವ, ಆ ಹೊತ್ತಿನಲ್ಲಿ ಕಂಬಳಿ ಹೊದ್ದು ಮಲಗಿದ್ದವನ ಹೆಸರು ಪ್ರಬಂಧದಲ್ಲಿ! ಹಾಡುಗಾರ್ತಿಯರದೂ ಲೇಖಕರದೂ ಎರಡೂ ಪಟ್ಟಿ ಹರಿದೆ. ಯಾರನ್ನು ಜನ ಏನೆಂದು ಕರೆಯುತ್ತಾರೋ ಹಾಗೇ ಮತ್ತೆ ಟೈಪ್ ಮಾಡಿಸಿದೆ.

ಬಸವೇಶ್ವರನಗರದ ತಮ್ಮ ಮನೆಯಲ್ಲಿ ಅದನ್ನು ನೋಡಿ ಗೈಡು ಪೆನ್ನು ಮುಚ್ಚಿಟ್ಟರು. "ನಿಯಮ ಅಂದ್ರೆ ನಿಯಮ. ನಾನು ಸಹಿ ಹಾಕಲ್ಲ."

"ಡಿಗ್ರಿ ಬರದಿದ್ರೂ ಪರವಾಗಿಲ್ಲ ಸಾರ್, ಹೆಸರು ಬದಲಾಯಿಸಲ್ಲ," ಎಂದೆ. ನಿಯಮ ಪಾಲಿಸಿದರೆ ಅವರ ಸ್ವಂತ ಪುಸ್ತಕ ಯಾರದಾಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಮುಂದಿಟ್ಟೆ. ಅಲ್ಲಿದ್ದ ತಮ್ಮ ಅಪ್ಪನ ಹೆಸರನ್ನು ಅವರು ಬಹಳ ಹೊತ್ತು ನೋಡಿದರು.

"ನನ್ನದೊಂದು ಮಾತ್ರ ಮೊದಲಿನ ಹಾಗೇ ಇರಲಿ ಬಿಡಮ್ಮ."

"ನಿಮ್ಮದೊಂದೇ ಆಗಲ್ಲ ಸಾರ್. ಇದ್ರೆ ಎಲ್ಲರದೂ ಇರ್ಬೇಕು."

ಗೊಣಗುತ್ತಲೇ ಸಹಿ ಹಾಕಿದರು.

ಬೈಂಡ್ ಆದ ಪ್ರತಿಯನ್ನು ಮೂಡಲಪಾಳ್ಯಕ್ಕೆ ಒಯ್ದೆ. ಅವ್ವನಿಗೆ ಓದು ಬಾರದು. ಅವಳ ಬೆರಳು ಹಿಡಿದು ಅವಳ ಹೆಸರಿನ ಮೇಲಿಟ್ಟೆ.

"ಪಕ್ಕದಲ್ಲಿ ನಿಮ್ಮಪ್ಪಂದು ಇಲ್ವೇನವ್ವ?"

"ಇಲ್ಲ ಕಣವ್ವ."

ಅವ್ವ ಒಳಗಿದ್ದ ಅಪ್ಪನ ಕಡೆ ಒಮ್ಮೆ ನೋಡಿ, "ಒಳ್ಳೇದಾಯ್ತು ಬುಡು," ಎಂದಳು. "ಅವರ್ಗೆ ಒಂದ್ ಪದಾನೂ ಬರಾಕಿಲ್ಲ."