ಐದನೆಯ ವರ್ಷದ ಎಳ್ಳು

ಬೇರೆಯವರ ಮನೆಗೆ ಪ್ರಪಂಚದ ದೊಡ್ಡ ಸುದ್ದಿಗಳು ಟೀವಿಯಲ್ಲಿ ಬರುತ್ತವೆ. ನಮ್ಮ ಮನೆಯಲ್ಲಿ ಮೊದಲು ಮಂಚದ ಕೆಳಗಿನ ಚೀಲ ಹೊರಗೆ ಬರುತ್ತಿತ್ತು, ಸುದ್ದಿ ಆಮೇಲೆ. ನನ್ನ ಗಂಡ ನೌಕಾಪಡೆಯಲ್ಲಿದ್ದರು. ದೊಡ್ಡ ಅಧಿಕಾರಿಯಲ್ಲ, ಹಡಗಿನ ಹೊಟ್ಟೆಯೊಳಗೆ ಇಂಜಿನ್ ನೋಡಿಕೊಳ್ಳುವ ನಾವಿಕ. ಮದುವೆಯಾಗಿ ಮಂಡ್ಯದ ಕಡೆಯಿಂದ ವಿಶಾಖಪಟ್ಟಣಕ್ಕೆ ಬಂದ ನಾನು ಎಂವಿಪಿ ಕಾಲೋನಿಯ ಬಾಡಿಗೆ ಮನೆಯೊಂದರಲ್ಲಿ ಸಂಸಾರ ಹೂಡಿದೆ. ಮೊದಲ ಸಂಕ್ರಾಂತಿಯ ಬೆನ್ನಿಗೇ ಗುಜರಾತಿನಲ್ಲಿ ಭೂಮಿ ನಡುಗಿತು, ಅವರ ರಜೆ ಹೋಯಿತು. ಅದೇ ವರ್ಷ ಅಮೆರಿಕದಲ್ಲಿ ವಿಮಾನ ನುಗ್ಗಿಸಿ ಎರಡು ಕಟ್ಟಡ ಬೀಳಿಸಿದರು. ಕೆಳಗಿನ ಮನೆಯ ಟೀವಿಯಲ್ಲಿ ಅದನ್ನು ನೋಡುತ್ತಾ, ಇದಕ್ಕೂ ನನಗೂ ಏನು ಸಂಬಂಧ ಎಂದುಕೊಂಡೆ. ಚಳಿಗಾಲ ಬರುವಷ್ಟರಲ್ಲಿ ದೆಹಲಿಯ ಸಂಸತ್ತಿನಲ್ಲಿ ಗುಂಡು ಹಾರಿ, ಗಡಿಗೆ ಸೈನ್ಯ ಹೋಗಿ, ಇವರ ಹಡಗೂ ಹೊರಟು, ಎರಡನೆಯ ಸಂಕ್ರಾಂತಿಗೆ ನಾನೊಬ್ಬಳೇ ಬಸುರಿ ಹೊಟ್ಟೆ ಹೊತ್ತುಕೊಂಡು ಎಳ್ಳು ಬೀರಲು ಹೊರಟಿದ್ದೆ. ಸಂಬಂಧ ಏನೆಂದು ಆಗ ಗೊತ್ತಾಯಿತು.

ಎಳ್ಳು ಬೀರುವುದು ಎಂದರೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹುರಿದ ಎಳ್ಳು, ಬೆಲ್ಲದ ಚೂರು, ಕೊಬ್ಬರಿ ಚೂರು, ಕಡಲೆಬೀಜ, ಹುರಿಗಡಲೆ ಬೆರೆಸಿ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಜೊತೆಗಿಟ್ಟುಕೊಂಡು ಮನೆಮನೆಗೆ ಹೋಗಿ ಕೊಟ್ಟು ಬರುವುದು. ಹೊಸದಾಗಿ ಮದುವೆಯಾದವಳಾದರೆ ಐದು ವರ್ಷ ಬಾಳೆಹಣ್ಣನ್ನೂ ಬೀರಬೇಕು, ವರ್ಷದಿಂದ ವರ್ಷಕ್ಕೆ ಐದೈದು ಹೆಚ್ಚಿಸುತ್ತಾ. ಐದು ವರ್ಷ ತಪ್ಪದೆ ಬೀರಿ ಮುಗಿಸಿದವಳು ಆ ಮನೆಯಲ್ಲಿ ಬೇರು ಬಿಟ್ಟಳು ಎಂದು ನಮ್ಮವ್ವ ಹೇಳುತ್ತಿದ್ದಳು. ಅವ್ವ ಹೇಳಿದ್ದರಲ್ಲಿ ನಾನು ನಂಬಿದ್ದು ಕಡಿಮೆ. ಇದನ್ನು ಮಾತ್ರ ಯಾಕೋ ನಂಬಿದ್ದೆ.

ಮೊದಲ ವರ್ಷವೇ ಎಡವಟ್ಟಾಯಿತು. ರೇಷ್ಮೆ ಸೀರೆ ಉಟ್ಟು, ತಟ್ಟೆ ತುಂಬಿಕೊಂಡು ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಆ ಮನೆಯಾಕೆಯನ್ನು ಕಟ್ಟಡದವರೆಲ್ಲ ಪೆದ್ದಮ್ಮ ಎನ್ನುತ್ತಿದ್ದರು, ನಾವು ದೊಡ್ಡಮ್ಮ ಎಂದ ಹಾಗೆ. ಬಾಳೆಹಣ್ಣನ್ನು ನಗುತ್ತಾ ತೆಗೆದುಕೊಂಡರು. ಎಳ್ಳಿನ ಪೊಟ್ಟಣ ಚಾಚಿದ ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದು, ಬಿಸಿ ಬಾಣಲೆ ಕಂಡವರ ಹಾಗೆ ಕೈ ಎಳೆದುಕೊಂಡರು.

"ಚೇತಿಕಿ ವದ್ದಮ್ಮಾ! ಕಿಂದ ಪೆಟ್ಟು" ಎಂದರು. ಕೈಗೆ ಬೇಡ, ಕೆಳಗಿಡು ಎಂದು.

ಅಲ್ಲಿಯವರಿಗೆ ಎಳ್ಳು ಶನಿಯದು, ಪಿತೃಗಳದು. ಕೈಯಿಂದ ಕೈಗೆ ಎಳ್ಳು ತೆಗೆದುಕೊಂಡರೆ ಕೊಟ್ಟವರ ಕಷ್ಟವೂ ಅದರ ಜೊತೆ ಬರುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಒಂದೇ: ಹಬ್ಬದ ದಿನ, ಮುತ್ತೈದೆ ಕೊಡುವ ಎಳ್ಳನ್ನು ನೆಲದ ಮೇಲಿಡು ಎನ್ನುತ್ತಿದ್ದಾರೆ. ನನ್ನ ಮೈಯೆಲ್ಲ ಉರಿಯಿತು. "ನೆಲದ ಮೇಲೆ ನಾಯಿಗೆ ಅನ್ನ ಇಡ್ತೀವಿ, ಎಳ್ಳಲ್ಲ" ಎಂದು ಕನ್ನಡದಲ್ಲೇ ಅಂದು ಮೆಟ್ಟಿಲು ಹತ್ತಿದೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುತ್ತಾರೆ. ನಾನು ಅಂದು ತಿಂದಿದ್ದೆ, ಆದರೂ ಆಡಲಿಲ್ಲ.

ಕಾರಣ ತಿಳಿದ ಮೇಲೂ ನಾನು ಕೆಳಗಿಡಲಿಲ್ಲ. ಪ್ರತಿ ಸಂಕ್ರಾಂತಿಗೂ ತಟ್ಟೆಯಲ್ಲಿ ಎಳ್ಳು ಇದ್ದೇ ಇರುತ್ತಿತ್ತು. ಅವರು ಹಣ್ಣು, ಕಬ್ಬು ತೆಗೆದುಕೊಂಡು ಎಳ್ಳನ್ನು ಬಿಡುತ್ತಿದ್ದರು, ನಾನು ಹೊತ್ತು ತರುತ್ತಿದ್ದೆ. ಹಾಗೆಂದು ಪೆದ್ದಮ್ಮ ಕೆಟ್ಟವರಲ್ಲ. ಭೋಗಿಯ ದಿನ ನನ್ನ ಮಗಳನ್ನು ಕೂರಿಸಿ ತಲೆಯ ಮೇಲೆ ಎಲಚಿ ಹಣ್ಣು ಸುರಿದು ಆರತಿ ಎತ್ತುತ್ತಿದ್ದವರು ಅವರೇ. ನನ್ನ ಗಂಡ ಊರಲ್ಲಿಲ್ಲದ ದಿನ ಮಗಳು ಅವರ ಮನೆಯಲ್ಲೇ ಉಣ್ಣುತ್ತಿದ್ದಳು, ನನಗಿಂತ ಚೆನ್ನಾಗಿ ತೆಲುಗು ಆಡುತ್ತಿದ್ದಳು. ಆದರೆ ತಮ್ಮ ಗಂಡನಿಗೆ ಹೃದಯದ ಆಪರೇಷನ್ ಆದ ಮೇಲೆ ಆಕೆಯ ಭಯ ಇನ್ನೂ ಹೆಚ್ಚಿತ್ತು. ಶನಿವಾರ ಮನೆಗೆ ಎಣ್ಣೆ ತರುತ್ತಿರಲಿಲ್ಲ, ಯಾರ ಕೈಯಿಂದಲೂ ಉಪ್ಪು ತೆಗೆದುಕೊಳ್ಳುತ್ತಿರಲಿಲ್ಲ.

ಐದನೆಯ ಸಂಕ್ರಾಂತಿಗೆ ಇನ್ನೂ ಮೂರು ವಾರವಿತ್ತು. ಒಂದು ಭಾನುವಾರ ಬೆಳಗ್ಗೆ ಅಡುಗೆಮನೆಯ ಲೋಟಗಳು ತಮ್ಮಷ್ಟಕ್ಕೆ ಕಿಣಿಕಿಣಿ ಎಂದವು. ಮೇಲಿನ ಮನೆಯವರು ಮಂಚ ಎಳೆಯುತ್ತಿದ್ದಾರೆ ಎಂದುಕೊಂಡು ದೋಸೆ ಹುಯ್ಯುತ್ತಿದ್ದೆ. ಆಮೇಲೆ ಬೀದಿಯಲ್ಲಿ ಜನ ಓಡಾಡಿದರು. ಸಮುದ್ರ ಹಿಂದೆ ಹೋಯಿತಂತೆ, ಮತ್ತೆ ಉಕ್ಕಿ ಬಂತಂತೆ, ದೋಣಿಗಳು ಹೋದವಂತೆ. ಮಧ್ಯಾಹ್ನದ ಹೊತ್ತಿಗೆ ಟೀವಿಯಲ್ಲಿ ನಾವು ಹಿಂದೆ ಕೇಳದ ಒಂದು ಮಾತು ಬಂತು: ಸುನಾಮಿ. ನಮ್ಮ ಊರಿಗೆ ಆದದ್ದು ಕಡಿಮೆ. ತಮಿಳುನಾಡಿನ ದಂಡೆ, ಶ್ರೀಲಂಕಾ, ಅಂಡಮಾನ್, ಇಂಡೊನೇಷ್ಯಾ ಎಂದು ಹೆಸರುಗಳು ಬರುತ್ತಲೇ ಇದ್ದವು, ಪ್ರತಿ ಹೆಸರಿನ ಹಿಂದೆಯೂ ಹೆಣಗಳು. ನಾನು ಟೀವಿ ನೋಡಿ ಮುಗಿಸುವ ಮೊದಲೇ ಮಂಚದ ಕೆಳಗಿನ ಚೀಲ ಹೊರಗೆ ಬಂದಿತ್ತು.

"ಎಲ್ಲಿಗೆ?" ಎಂದೆ.

"ದ್ವೀಪಗಳ ಕಡೆಗೆ ಅಂತಾರೆ. ನೀರು, ಅಕ್ಕಿ, ಔಷಧಿ ತುಂಬ್ತಾ ಇದಾರೆ. ಫೋನ್ ಮಾಡೋಕೆ ಆಗುತ್ತೋ ಇಲ್ವೋ" ಎಂದು ಮಗಳ ತಲೆ ಸವರಿ ಹೋದರು.

ಅವರು ತಿರುಗಿ ಬಂದರು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಕಾಯಿಸಿ ಓದುವವರ ಜೀವ ತೆಗೆಯುವ ಚಟ ನನಗಿಲ್ಲ. ಆದರೆ ಆಗ ನನಗೆ ಅದು ಗೊತ್ತಿರಲಿಲ್ಲ, ಅವರಿಂದ ಫೋನೂ ಇಲ್ಲ, ಕಾಗದವೂ ಇಲ್ಲ. ಕೆಲವು ದಿನಗಳಲ್ಲಿ ಮತ್ತೊಂದು ಅಲೆ ಬರುತ್ತದೆ ಎಂಬ ಎಚ್ಚರಿಕೆ ಟೀವಿಯಲ್ಲಿ ಬಂತು. ಜನ ಸ್ಕೂಟರುಗಳ ಮೇಲೆ ಮೂರು ಮೂರು ಮಂದಿ ಕೂತು ಗುಡ್ಡದ ಕಡೆ ಓಡಿದರು. ಅಲೆ ಬರಲಿಲ್ಲ. ಅಲೆಯ ಬದಲು ಮಂಡ್ಯದಿಂದ ನಮ್ಮಣ್ಣ ಬಂದ.

ಅಣ್ಣ ಕೆಟ್ಟವನಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿ, ಮದುವೆ ಮಾಡಿಕೊಟ್ಟವನು. ಆದರೆ ಅವನ ಪ್ರೀತಿ ಯಾವಾಗಲೂ ಅಪ್ಪಣೆಯ ರೂಪದಲ್ಲೇ ಬರುತ್ತದೆ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಮನೆ ಖಾಲಿ ಮಾಡ್ತೀವಿ ಅಂತ ಓನರ್‌ಗೆ ಹೇಳ್ಬುಟ್ಟು ಬತ್ತಾ ಇವ್ನಿ. ಈಗ ಬಟ್ಟೆಬರೆ ಎತ್ಕೊ, ಸಾಮಾನು ಆಮೇಲೆ ಲಾರೀಲಿ ತರಸ್ಕಂಡ್ರಾಯ್ತು. ಸಮುದ್ರದ್ ಬಾಗ್ಲಲ್ಲಿ ಹೆಣ್ಣೆಂಗ್ಸು ಒಬ್ಳೇ ಇರೋದು ಏನ್ ಚೆಂದ?"

"ಅವರು ಬಂದರೆ?"

"ಬಂದ್ರೆ ಊರ್ಗೇ ಬತ್ತಾನೆ ಕಣವ್ವ. ಹಡಗ್ನೋರ್‌ಗೆ ಮನೆ ಯಾಕೆ? ಮುಗ್ದೋಯ್ತು, ನಡಿ. ಐದ್ನೇ ವರ್ಸದ್ ಎಳ್ಳು ನಮ್ಮೂರಲ್ಲೇ ಬೀರು. ಅವ್ವ ಎಲ್ಲ ಹೆಚ್ಚಿ ಇಟ್ಟವ್ಳೆ. ನಿನ್ ಕೈಲಿ ಎಳ್ಳು ಇಸ್ಕಳ್ದಿರೋ ಜನದ್ ಮಧ್ಯೆ ಯಾಕವ್ವ ಬಿದ್ದಿರ್ತೀಯ?"

ಕೊನೆಯ ಮಾತು ನಾಟಿತು, ಯಾಕೆಂದರೆ ಅದು ನಿಜವಾಗಿತ್ತು. ಆ ಮನೆ ಬಿಟ್ಟರೆ ಮತ್ತೆ ಮನೆ ಆಗುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ತವರಿಗೆ ಹೋದ ನಾವಿಕರ ಹೆಂಡಿರನ್ನು ನಾನು ಕಂಡಿದ್ದೆ. ವರ್ಷಕ್ಕೊಮ್ಮೆ ಗಂಡ ನೆಂಟನ ಹಾಗೆ ಬರುತ್ತಾನೆ, ಮಿಕ್ಕ ದಿನವೆಲ್ಲ ಅತ್ತಿಗೆಯ ಅಡುಗೆಮನೆಯಲ್ಲಿ ಕೇಳಿ ಕೇಳಿ ಕಾಫಿಪುಡಿ ಮುಟ್ಟಬೇಕು. ಆದರೂ ಹೊರಟೆ. ಭಯವಾಗಿತ್ತು, ಅದಕ್ಕೆ ಹೊರಟೆ. ಪೆದ್ದಮ್ಮನಿಗೆ ಮುಖ ತೋರಿಸದೆ ಇಳಿದು ಆಟೋ ಹತ್ತಿದೆ.

ನೇರ ರೈಲಿಗೆ ಟಿಕೆಟ್ ಸಿಕ್ಕಿರಲಿಲ್ಲ. ವಿಜಯವಾಡದಲ್ಲಿ ಇಳಿದು ಬೆಂಗಳೂರಿನ ರೈಲಿಗೆ ಕಾಯಬೇಕಿತ್ತು. ಮಧ್ಯಾಹ್ನದ ಬಿಸಿಲಿಗೆ ಪ್ಲಾಟ್‌ಫಾರ್ಮು ಕಾದಿತ್ತು. ಅಣ್ಣ ಮೊಸರನ್ನ ತರಲು ಹೋದ. ನಾನು ಮಗಳನ್ನು ಪೆಟ್ಟಿಗೆಯ ಮೇಲೆ ಕೂರಿಸಿಕೊಂಡು ನೋಡುತ್ತಾ ನಿಂತೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಜನ ಇರುವೆಯ ಹಾಗೆ ತುಂಬಿದ್ದರು. ಹೈದರಾಬಾದಿನಲ್ಲಿ ಕೆಲಸ ಮಾಡುವವರು, ಓದುವವರು, ಸಂಕ್ರಾಂತಿಗೆ ಊರಿಗೆ ಹೊರಟವರು. ಆಂಧ್ರದವರಿಗೆ ಸಂಕ್ರಾಂತಿ ಎಂದರೆ ಜೀವ ಹೋದರೂ ಮನೆ ಸೇರಲೇಬೇಕು. ಅಷ್ಟೂ ಜನ ಹೊರಟಿದ್ದು ನಾನು ಬಂದ ದಿಕ್ಕಿಗೆ: ರಾಜಮಂಡ್ರಿ, ಕಾಕಿನಾಡ, ವಿಶಾಖಪಟ್ಟಣ, ಶ್ರೀಕಾಕುಳ. ಟೀವಿಯನ್ನು ಅವರೂ ನೋಡಿದ್ದರು. ಸಮುದ್ರ ಅವರ ಊರಿನ ದಂಡೆಯಲ್ಲೂ ಇತ್ತು. ಆದರೂ ಹೊಸ ಬಟ್ಟೆಯ ಚೀಲ ಹಿಡಿದು, ಒಬ್ಬರ ಮೇಲೊಬ್ಬರು ಬಿದ್ದು ಅಲ್ಲಿಗೇ ಹೋಗುತ್ತಿದ್ದರು.

ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ನನ್ನ ಪೆಟ್ಟಿಗೆ ನೋಡಿ ಕೇಳಿದಳು: "ಪಂಡಗಕಿ ಇಂಟಿಕಾ ಅಮ್ಮಾ?" ಹಬ್ಬಕ್ಕೆ ಮನೆಗಾ ಎಂದು.

ನಾನು ಬಾಯಿ ತೆರೆಯುವ ಮೊದಲೇ ಮಗಳು ತೆಲುಗಿನಲ್ಲಿ ಉತ್ತರ ಕೊಟ್ಟಳು. ಇಲ್ಲ, ನಮ್ಮ ಮನೆ ಅಲ್ಲಿದೆ ಎಂದು ಎದುರಿನ ಪ್ಲಾಟ್‌ಫಾರ್ಮು ತೋರಿಸಿದಳು.

ಮೂರು ವರ್ಷ ತುಂಬದ ಮಗುವಿಗೆ ಗೊತ್ತಿದ್ದುದು ನನಗೆ ಗೊತ್ತಿಲ್ಲವೇ? ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಸಮುದ್ರದ ಮೇಲೂ ಬಂತು, ಓನರ್ ಜೊತೆ ನನ್ನನ್ನು ಕೇಳದೆ ಮಾತಾಡಿದ ಅಣ್ಣನ ಮೇಲೂ ಬಂತು. ನನ್ನ ಗಂಡ ಯಾರಾರದೋ ಮುರಿದ ಮನೆಗಳಿಗೆ ಅಕ್ಕಿ ಹೊರುತ್ತಿರುವಾಗ ನಾನು ನೆಟ್ಟಗಿರುವ ನನ್ನ ಮನೆಗೆ ಬೀಗ ಹಾಕಿ ಓಡುತ್ತಿದ್ದೇನಲ್ಲ! ಅಣ್ಣ ಮೊಸರನ್ನದ ಪೊಟ್ಟಣ ಹಿಡಿದು ಬಂದ.

"ಅಣ್ಣ, ನಾನು ವಾಪಸ್ ಹೊಯ್ತೀನಿ."

"ಏನಂದೆ?"

"ನಮ್ಮನೇಗೆ ಹೊಯ್ತೀನಿ. ಓನರ್‌ಗೆ ನಾನೇ ಹೇಳ್ಕತೀನಿ."

ಅವನು ಪ್ಲಾಟ್‌ಫಾರ್ಮಿನ ಜನವೆಲ್ಲ ತಿರುಗಿ ನೋಡುವಂತೆ ಕೂಗಾಡಿದ. ತಲೆ ಕೆಟ್ಟವಳೆಂದ. ಏನಾದರೂ ಆದರೆ ಅವ್ವನಿಗೆ ಯಾವ ಮುಖ ತೋರಿಸಲಿ ಎಂದ. ಹಾಗೆನ್ನುವಾಗ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ, ನನಗೂ ಕಣ್ಣು ತುಂಬಿತು. ಆದರೆ ಅಳುತ್ತಲೂ ಹಟ ಮಾಡಬಹುದು, ಅದನ್ನು ನಾನು ಚಿಕ್ಕಂದಿನಲ್ಲೇ ಕಲಿತವಳು. ಮಗಳನ್ನು ಸೊಂಟಕ್ಕೇರಿಸಿ, ಪೆಟ್ಟಿಗೆ ಎತ್ತಿಕೊಂಡು ಮೇಲ್ಸೇತುವೆ ಹತ್ತಿದೆ. ಅರ್ಧಕ್ಕೆ ಪೆಟ್ಟಿಗೆ ಹಗುರವಾಯಿತು. ಹಿಂದೆ ನೋಡಿದರೆ ಅಣ್ಣ ಹಿಡಿದಿದ್ದ. ಜನರಲ್ ಬೋಗಿಯಲ್ಲಿ ನುಗ್ಗಿ ನನಗೆ ಜಾಗ ಹಿಡಿದುಕೊಟ್ಟು, ಮೊಸರನ್ನವನ್ನು ಕಿಟಕಿಯಿಂದ ತುರುಕಿ ಹೊರಟುಹೋದ. ಆಮೇಲೆ ಯುಗಾದಿಯವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಓನರ್ ಮೊದಲು ಗೊಣಗಿದರು, ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದರು. "ನೀವು ಮಾತು ಕೊಟ್ಟಿದ್ದು ನನ್ನ ಮನೇನ. ನಾನು ಬಿಟ್ಟಿಲ್ಲ" ಎಂದು ನನ್ನ ಮುರುಕು ತೆಲುಗಿನಲ್ಲಿ ಹೇಳಿ ಬಾಗಿಲಲ್ಲೇ ನಿಂತೆ. ನಿಂತೇ ಇದ್ದೆ. ಕೊನೆಗೆ ಅವರೇ ಸುಸ್ತಾದರು.

ಎಳ್ಳಿಗೆ ಅವ್ವನ ಕೈ ಇರಲಿಲ್ಲ. ನಾನೇ ಗಡಿಬಿಡಿಯಲ್ಲಿ ಬೆಲ್ಲ, ಕೊಬ್ಬರಿ ಹೆಚ್ಚಿದೆ, ಬೆರಳನ್ನೂ ಹೆಚ್ಚಿಕೊಂಡೆ. ಸಂಕ್ರಾಂತಿಯ ದಿನ ಸೀರೆ ಉಟ್ಟು ತಟ್ಟೆ ಹಿಡಿದು ಹೊರಟೆ. ನನ್ನ ಗಂಡನ ಹಡಗಿನಿಂದ ಸುದ್ದಿಯಿಲ್ಲ ಎಂಬುದು ಕಟ್ಟಡದವರೆಲ್ಲರಿಗೂ ಗೊತ್ತಿತ್ತು. ಉಳಿದ ವರ್ಷ ನಾನು ತಂದದ್ದು ಬರೀ ಎಳ್ಳು. ಈ ವರ್ಷ ಅದರ ಜೊತೆ ಎಂಥ ಕಷ್ಟ ಬರಬಹುದೆಂದು ಅವರು ಊಹಿಸಿದ್ದರು. ಒಬ್ಬರು ಹಣ್ಣನ್ನು ಸೆರಗಿಗೆ ಹಾಕಿಸಿಕೊಂಡು ಬಾಗಿಲು ಮುಚ್ಚಿದರು. ಇನ್ನೊಬ್ಬರು ಮನೆಯೊಳಗಿದ್ದೂ ತೆರೆಯಲಿಲ್ಲ. ಕೆನ್ನೆಗಿಳಿದ ಕಣ್ಣೀರನ್ನು ನಾನು ಒರೆಸಿಕೊಳ್ಳಲಿಲ್ಲ. ಮುಂದಿನ ಬಾಗಿಲಿಗೆ ಹೋದೆ.

ಪೆದ್ದಮ್ಮ ಬಾಗಿಲಲ್ಲೇ ನಿಂತಿದ್ದರು. ಹೇಳದೆ ಹೋದದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ. ಹಣ್ಣು ಕೊಟ್ಟೆ, ಕಬ್ಬು ಕೊಟ್ಟೆ. ಎಳ್ಳಿನ ಪೊಟ್ಟಣವನ್ನು ಪ್ರತಿ ವರ್ಷದ ಹಾಗೆ ಚಾಚಿ, ಪ್ರತಿ ವರ್ಷದ ಹಾಗೆ ಹಿಂದಕ್ಕೆ ತೆಗೆದುಕೊಳ್ಳಲು ಸಿದ್ಧಳಾದೆ. ಅವರು ಒಳಗೆ ಒಮ್ಮೆ ತಿರುಗಿ ನೋಡಿದರು. ಒಳಗೆ ಅವರ ಗಂಡ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಆಮೇಲೆ ಪೆದ್ದಮ್ಮ ಬಲಗೈ ಬಿಚ್ಚಿ ನನ್ನ ಮುಂದೆ ಹಿಡಿದರು.

"ಇವ್ವಮ್ಮಾ" ಎಂದರು. "ಸಗಂ ನಾಕು ರಾನೀ."

ಕೊಡು. ಅರ್ಧ ನನಗೆ ಬರಲಿ.

ಆಕೆ ಅದನ್ನು ಪೂರ್ತಿ ನಂಬಿದ್ದರು. ಎಳ್ಳು ಕೈಗೆ ಬಿದ್ದ ಗಳಿಗೆಯಲ್ಲೇ ನನ್ನ ಮನೆಯ ಭಯ ತನ್ನ ಮನೆಯೊಳಗೆ, ಆ ಕುರ್ಚಿಯವರೆಗೂ ನಡೆದು ಹೋಗುತ್ತದೆ ಎಂದು ನಂಬಿಯೇ ಕೈ ಚಾಚಿದ್ದರು. ಇದನ್ನೆಲ್ಲ ಯಾವತ್ತೂ ನಂಬದ ನಾನು, ನಾಲ್ಕು ವರ್ಷ ಕೈಗೇ ಕೊಡುತ್ತೇನೆ ಎಂದು ಹಟ ಹಿಡಿದವಳು, ಆ ಕೈ ನೋಡಿ ಹೆದರಿಬಿಟ್ಟೆ. ಪೊಟ್ಟಣವನ್ನು ಹಿಂದಕ್ಕೆಳೆದುಕೊಂಡೆ. "ಬೇಡ ಪೆದ್ದಮ್ಮ, ಕೆಳಗೇ ಇಡ್ತೀನಿ" ಎಂದೆ.

"ನಾಯಿಗೆ ಇಡುವ ಹಾಗೆಯೇ?" ಎಂದರು ತೆಲುಗಿನಲ್ಲಿ. ನಾನು ಮೊದಲ ವರ್ಷ ಕನ್ನಡದಲ್ಲಿ ಅಂದದ್ದು ಅವರಿಗೆ ಅಂದೇ ಅರ್ಥವಾಗಿತ್ತು! ನನ್ನ ಮಣಿಕಟ್ಟು ಹಿಡಿದು, ಪೊಟ್ಟಣ ಕಿತ್ತುಕೊಂಡು, ಅಲ್ಲೇ ಹೊಸ್ತಿಲ ಮೇಲೆ ನಿಂತು ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ನನ್ನ ಮುಖ ನೋಡುತ್ತಾ ಅಗಿದರು. ಇರುವ ನಾಲ್ಕು ಹಲ್ಲಿಗೆ ನನ್ನ ಕೊಬ್ಬರಿ ಬಗ್ಗಲಿಲ್ಲ. ಒಂದು ಕಡೆಯ ದವಡೆಯಿಂದ ಇನ್ನೊಂದು ಕಡೆಗೆ ತಳ್ಳಿ, ಕಷ್ಟಪಟ್ಟು ನುಂಗಿ, ಮುಂದಿನ ವರ್ಷ ಕೊಬ್ಬರಿ ಇನ್ನೂ ಸಣ್ಣಗೆ ಹೆಚ್ಚು ಎಂದು ಬೈದರು.